ಕರಡೆವ್ವನ ಎದೆಗೆ ಹತ್ತಿದ ನೊರೆ

ಬನ್ನಿ, ಕಾಲು ಮಡಚಿ ಒತ್ತಾಗಿ ಕೂತ್ಕೊಳ್ಳಿ. ಬಾಯಲ್ಲಿರೋದನ್ನು ನುಂಗಿ, ಕಿವಿ ಈ ಕಡೆ ಕೊಡಿ. ಕರಡೆವ್ವನ ಸಂಗತಿ ಹೇಳ್ತೀನಿ.

ಆಗ ಲೋಕ ಇನ್ನೂ ಹೊಸದು. ಬಂಡೆಗಳು ಆಗಷ್ಟೇ ಒಂದರ ಮೇಲೊಂದು ಹತ್ತಿ ಕೂತಿದ್ದವು. ಹೊಳೆಗೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಕಂಡವರನ್ನೆಲ್ಲ ಕೇಳಿಕೊಂಡು ಹರೀತಿತ್ತು.

ಆ ಬಂಡೆಗಳ ನಡುವೆ ಕರಡೆವ್ವ ಅನ್ನೋ ತಾಯಿಕರಡಿ ಇದ್ದಳು. ಅವಳಿಗೆ ಎರಡು ಮರಿ, ಉಂಡಿ ಮತ್ತು ಪುಂಡಿ. ಆಗಿನ ಕರಡಿಗೆ ಮೈಯೆಲ್ಲ ಕೂದಲು. ಮೂತಿಯ ಮೇಲೂ ಜೋತಾಡೋ ಕೂದಲು. ಹುತ್ತಕ್ಕೆ ಬಾಯಿಟ್ಟು ಗೆದ್ದಲು ಹೀರೋಣ ಅಂದರೆ ಬಾಯಿಗೆ ಬರೋದು ಬರೀ ಕೂದಲು. ಹೊಟ್ಟೆಗಿಲ್ಲದೆ ಅವಳ ಹಾಲು ಬತ್ತುತ್ತಾ ಬಂತು. ಮರಿಗಳು ಅತ್ತವು. ಮೇಲೆ ಸುಡೋ ಬಿಸಿಲು ಬೇರೆ.

ಹೊಳೆದಂಡೆಯಲ್ಲಿ ನುಣ್ಣಪ್ಪ ಅನ್ನೋ ಮುದುಕ ಇದ್ದ. ಕ್ಷೌರ ಅವನ ಹೊಟ್ಟೆಪಾಡಲ್ಲ, ಹುಚ್ಚು! ಯಾರೂ ಸಿಗದ ದಿನ ತೆಂಗಿನಕಾಯಿಯ ಜುಟ್ಟು ಬೋಳಿಸೋನು. ಬಂಡೆಯ ಪಾಚಿಗೂ ನೊರೆ ಹಚ್ಚೋನು.

ಒಂದು ದಿನ ಅವನು ಹೊಸ ಕತ್ತಿ ಮಾಡಿದ. ಆ ಖುಷಿಗೆ ಗಾಳಿಯನ್ನು ಕರೆದ.

"ಗಾಳೆಪ್ಪಾ, ಎಲ್ಲ ಕಡೆ ಸಾರಿ ಬಾ. ಒಬ್ಬರಿಗೆ ಇನಾಮು, ತಲೆಯಿಂದ ಬಾಲದವರೆಗೆ ಪುಕ್ಕಟೆ ಕ್ಷೌರ! ಬಂದವರು ತಮ್ಮ ಗುಂಪಿಗೊಂದು ಹೆಸರು ಹೇಳಬೇಕು. ಇನ್ಯಾರಿಗೂ ಹೊಂದದ ಹೆಸರು ಯಾರದೋ, ಇನಾಮು ಅವರದು."

ಗಾಳಿ ಸಾರಿತು. ಕಾಡಿಗೆ ಕಾಡೇ ಬಂತು.

"ನಮ್ಮದು ಹಿಂಡು," ಅಂದಿತು ಆನೆ.

"ನಮ್ಮದೂ ಹಿಂಡೇ," ಅಂದವು ಹಸುಗಳು.

"ನಮ್ಮದು ಸಾಲು," ಅಂದಿತು ಇರುವೆ.

"ತಲೆ ಎತ್ತಿ ನೋಡೇ, ನಾವೂ ಸಾಲೇ," ಅಂದವು ಮೇಲೆ ಹಾರ್ತಿದ್ದ ಕೊಕ್ಕರೆಗಳು.

"ನಮ್ಮದು ದಂಡು!" ಕೋತಿ ಎದೆ ಬಡಿದುಕೊಂಡಿತು. ಅಷ್ಟರಲ್ಲಿ ಮಿಡತೆಗಳು ಬಂದವು, ಅವೂ ದಂಡೇ.

ನುಣ್ಣಪ್ಪ ನಕ್ಕು ನಕ್ಕು ಸುಸ್ತಾದ. ಆಗ ಕರಡೆವ್ವ ಮರಿಗಳನ್ನು ಬೆನ್ನ ಮೇಲೆ ಹೊತ್ತು ಮುಂದೆ ಬಂದಳು.

"ಅಯ್ಯೋ ಒಂಟಿ ಕರಡೆವ್ವಾ," ಕೋತಿ ಹಲ್ಲು ಕಿರಿಯಿತು, "ಗುಂಪೇ ಇಲ್ಲ, ಹೆಸರು ಎಲ್ಲಿಂದ ತರ್ತೀಯೆ?"

"ಎಲ್ಲರ ಗುಂಪೂ ನೆಲದ ಮೇಲೆ, ಇಲ್ಲ ಗಾಳಿಯಲ್ಲಿ. ನನ್ನ ಗುಂಪು ನನ್ನ ಬೆನ್ನ ಮೇಲೆ," ಅಂದಳು ಕರಡೆವ್ವ. "ನಮ್ಮದು ಹೊರೆ."

"ಹೊರೆ ನಂದು!" ಕತ್ತೆ ಕೂಗಿತು.

"ಹೌದಾ? ನಿನ್ನ ಹೊರೆ ಇಳಿದರೆ ನಿನಗೆ ಹಿಗ್ಗು. ನನ್ನ ಹೊರೆ ಇಳಿದರೆ ನನ್ನ ಜೀವ ಹೋಗ್ತದಪ್ಪಾ."

ಕತ್ತೆ ಕಿವಿ ಕೆಳಗೆ ಬಿಟ್ಟಿತು. ನುಣ್ಣಪ್ಪ ಚಪ್ಪಾಳೆ ತಟ್ಟಿದ. "ಇನಾಮು ನಿಂದು ತಾಯಿ! ಬಾ, ಕೂತ್ಕೋ."

ಅಂಟುವಾಳದ ನೊರೆ ಬುಸುಬುಸು ಎದ್ದಿತು. ಮೊದಲು ಮೂತಿ. ಸರ್ರ್, ಸರ್ರ್! ಕರಡೆವ್ವ ತುಟಿ ಚಾಚಿ ನೋಡಿದಳು, ಕೂದಲೇ ಇಲ್ಲ! ಆಮೇಲೆ ಎದೆಗೆ ಈ ಭುಜದಿಂದ ಆ ಭುಜಕ್ಕೆ ನೊರೆ ಎಳೆದ. ಆಹಾ, ಏನು ತಂಪು! ಇಡೀ ಮೈ ಹೀಗಾದರೆ ಬೇಸಿಗೆ ಇದ್ದರೆಷ್ಟು ಬಿಟ್ಟರೆಷ್ಟು ಅಂತ ಅವಳು ಕಣ್ಣು ಮುಚ್ಚಿದಳು.

"ನೊರೆ ನೆನೀಲಿ. ಅಷ್ಟರಲ್ಲಿ ಬೆನ್ನು ನೋಡ್ತೀನಿ," ಅಂತ ನುಣ್ಣಪ್ಪ ಬೆನ್ನ ಮೇಲಿನ ಒಂದು ಗೊಂಚಲು ಕತ್ತರಿಸಿದ.

ಉಂಡಿ ಹಿಡಿದುಕೊಂಡಿದ್ದು ಅದನ್ನೇ! ಮರಿ ಜಾರಿ ದೊಪ್ಪಂತ ಬಂಡೆಯ ಮೇಲೆ ಬಿತ್ತು. ಆ ಬಂಡೆಯ ಹಿಂದೆ, ಮೀಸೆ ತಿದ್ದಿಸಿಕೊಳ್ಳೋಕೆ ಬಂದೆ ಅಂತ ಕೂತಿದ್ದ ಚಿರತೆ, ಮೆಲ್ಲಗೆ ಎದ್ದು ನಾಲಿಗೆ ಚಪ್ಪರಿಸಿತು.

ಕರಡೆವ್ವ ಗುಡುಗಿದಳು. ಬಂಡೆಗಳು ನಡುಗಿದವು. ಚಿರತೆ ಹಿಂದೆ ಸರಿಯಿತು. ಉಂಡಿ ಅಳುತ್ತಾ ಮತ್ತೆ ಅವ್ವನ ಬೆನ್ನೇರಿ, ಉಳಿದ ಕೂದಲನ್ನು ಎರಡೂ ಕೈಯಲ್ಲಿ ಹಿಡಿಯಿತು.

"ಅಜ್ಜಾ, ಕತ್ತಿ ಕೆಳಗಿಡು," ಅಂದಳು ಕರಡೆವ್ವ.

"ಇನಾಮು ಅರ್ಧಕ್ಕೇ ಬಿಡ್ತೀಯಾ? ಸೆಕೆ ಆಗ್ತದಲ್ಲೇ?"

"ಆಗಲಿ ಬಿಡು. ಈ ಕೂದಲು ನನ್ನದು ಅಂದುಕೊಂಡಿದ್ದೆ. ಇದು ಇವರ ಹಿಡಿಕೆ."

ಎದೆಯ ನೊರೆ ತೊಳೆಯೋಕೂ ನಿಲ್ಲದೆ ಅವಳು ಬಂಡೆಗಳ ನಡುವೆ ನಡೆದುಬಿಟ್ಟಳು. ನೊರೆ ಅಲ್ಲೇ ಒಣಗಿ ಅಂಟಿತು. ಆ ಸಂಜೆ ಹುತ್ತಕ್ಕೆ ಬಾಯಿಟ್ಟು ಸೊರ್ರಂತ ಹೀರಿದಳು, ಹೊಟ್ಟೆ ತುಂಬಿತು.

ನುಣ್ಣಪ್ಪ ಹೊಳೆಯ ಕಲ್ಲುಗಳನ್ನು ಬೋಳಿಸುತ್ತಾ ಮುದುಕನಾಗಿಯೇ ಸುಖವಾಗಿದ್ದ. ಚಿರತೆಗೆ ಮೀಸೆ ಹಾಗೇ ಉಳೀತು. ಕೋತಿ ಮತ್ತು ಮಿಡತೆ, ದಂಡು ಯಾರದು ಅಂತ ಇನ್ನೂ ಜಗಳ ಮುಗಿಸಿಲ್ಲ. ಉಂಡಿ, ಪುಂಡಿ ಬೆಳೆದು ತಮ್ಮ ಮರಿಗಳನ್ನು ತಾವೇ ಹೊತ್ತವು. ಕರಡೆವ್ವ ಮೊಮ್ಮಕ್ಕಳನ್ನು ಕಂಡು, ಜೇನು ತಿಂದು, ತಣ್ಣನೆ ಗವಿಯಲ್ಲಿ ಕಣ್ಣು ಮುಚ್ಚಿದಳು. ಅದಕ್ಕೇ ನೋಡಿ ಮಕ್ಕಳೇ, ಇವತ್ತಿಗೂ ಕರಡಿಯ ಮೂತಿ ಬೋಳು, ಎದೆಯ ಮೇಲೆ ಬಿಳೀ ನೊರೆಯ ಗೆರೆ, ಬೆನ್ನ ಮೇಲೆ ಮಾತ್ರ ಮರಿಯ ಮುಷ್ಟಿ ತುಂಬೋವಷ್ಟು ಕೂದಲು.