ಏಳು ಬಾಗಿಲ ಹಳ್ಳ

ಕಾರೆಗಡದ ಅರಸ ಭೂಪಾಲನಾಯಕನಿಗೆ ಸಿಟ್ಟು ನೆತ್ತಿಗೇರಿತ್ತು. ಕಾಡಿನ ಹಳ್ಳ ಉಕ್ಕಿ ಅರಮನೆಯ ಅಡುಗೆಮನೆಗೆ ನುಗ್ಗಿ, ಹಬ್ಬದ ಹೋಳಿಗೆಯನ್ನೆಲ್ಲ ತೇಲಿಸಿಕೊಂಡು ಹೋಗಿತ್ತು.

“ನನ್ನ ಅಪ್ಪಣೆಯಿಲ್ಲದೆ ಇಲ್ಲಿಗೆ ನೊಣವೂ ಬರುವುದಿಲ್ಲ. ಈ ಹಳ್ಳಕ್ಕೆಷ್ಟು ಸೊಕ್ಕು!”

“ಆನೆಯೆತ್ತರದ ಕಲ್ಲುಗೋಡೆ ಕಟ್ಟಿಸಿ ನಿಲ್ಲಿಸಿಬಿಡುತ್ತೇನೆ, ಮಹಾಪ್ರಭು,” ಎಂದ ದಳವಾಯಿ ಉಗ್ರಪ್ಪ.

ಆಸ್ಥಾನದ ವಿದೂಷಕ ಸಿಂಗಣ್ಣನಿಗೆ ಬಾಯಿ ತಡೆಯಲಿಲ್ಲ. “ಗೋಡೆ ಒಡೆದ ದಿನ ಹೋಳಿಗೆಯ ಜೊತೆ ಅಡುಗೆಯವರೂ ತೇಲುತ್ತಾರೆ. ಹಳ್ಳಕ್ಕೆ ಅಡ್ಡ ಹಾಕಲು ಬಿದ್ದ ಏಳು ಮರ ಸಾಕು.”

“ಹಾಗೋ? ಈ ಮಳೆಗಾಲ ಒಂದು ಹನಿ ಒಳಗೆ ಬಂದರೂ ನಿನ್ನ ಅರ್ಧ ಮೀಸೆ ಬೋಳಿಸಿ ಊರೆಲ್ಲ ಮೆರವಣಿಗೆ!” ಎಂದ ಅರಸ.

ಆ ಮೀಸೆಯನ್ನು ಸಿಂಗಣ್ಣ ಹೆಂಡತಿಗಿಂತ ಹೆಚ್ಚು ಮುದ್ದು ಮಾಡುತ್ತಿದ್ದ. ಆದರೂ ಕಾಡಿಗೆ ಹೋಗಿ, ಗಾಳಿಗೆ ಉರುಳಿದ್ದ ಏಳು ಮರಗಳನ್ನು ದೂರ ದೂರಕ್ಕೆ ಹಳ್ಳಕ್ಕೆ ಅಡ್ಡ ಹಾಕಿಸಿದ. ಕೊಂಬೆಗಳ ಸಂದಿಯಿಂದ ನೀರು ಸೋರುತ್ತಲೇ ಇತ್ತು.

“ಇದೇನು ಕಟ್ಟೆಯೋ, ಜರಡಿಯೋ?” ಎಂದು ದಳವಾಯಿ ಹೊಟ್ಟೆ ಹಿಡಿದು ನಕ್ಕು, ಕ್ಷೌರಿಕನಿಗೆ ಕತ್ತಿ ಮಸೆಯಲು ಹೇಳಿಕಳಿಸಿದ.

ಆಷಾಢದ ಮಳೆ ಮೂರು ದಿನ ಬಿಡದೆ ಹೊಯ್ಯಿತು. ಸಿಂಗಣ್ಣ ಅಡುಗೆಮನೆಯ ಹೊಸ್ತಿಲಲ್ಲಿ ಮೀಸೆ ಹಿಡಿದುಕೊಂಡು ಕೂತ. ನೀರು ಮೆಟ್ಟಿಲವರೆಗೆ ಬಂತು, ಅಲ್ಲೇ ನಿಂತಿತು, ಮೆಲ್ಲಗೆ ಇಳಿಯಿತು.

ಅರಸ ನಂಬಲಾರದೆ ದಳವಾಯಿಯನ್ನೂ ಸಿಂಗಣ್ಣನನ್ನೂ ಕರೆದುಕೊಂಡು ಕಾಡಿಗೇ ಬಂದ. ಪ್ರತಿ ಮರದ ಹಿಂದೆಯೂ ನೀರು ಕಾಡಿನೊಳಕ್ಕೆ ಹರಡಿ ಮಡುವಾಗಿತ್ತು. ಅದರ ತುಂಬ ಮೀನು, ಕಪ್ಪೆ, ಏಡಿ. ದಿಮ್ಮಿಯ ಮೇಲೆ ಮಿಂಚುಳ್ಳಿ. ನೀರುನಾಯಿಯೊಂದು ಮರಿಗಳೊಡನೆ ಅರಸನಿಗೇ ಬೆನ್ನು ಹಾಕಿ ಊಟ ಮಾಡುತ್ತಿತ್ತು.

“ಯಾವ ಗುರು ಕಲಿಸಿದನೋ ಈ ವಿದ್ಯೆ?” ಎಂದ ಅರಸ.

“ನಿಮ್ಮ ಅರಮನೆಯೇ, ಮಹಾಪ್ರಭು,” ಎಂದ ಸಿಂಗಣ್ಣ. “ಸಿಟ್ಟಿನಿಂದ ದೂರು ತಂದವನನ್ನು ನೀವು ತಡೆಯುವುದೇ ಇಲ್ಲ. ದಾಟಲು ಏಳು ಬಾಗಿಲು ಇಟ್ಟಿದ್ದೀರಿ, ಅಷ್ಟೇ. ಒಬ್ಬ ಕಾವಲಿನವ ‘ಕೂತಿರು’ ಅಂತಾನೆ, ಇನ್ನೊಬ್ಬ ‘ನಾಳೆ ಬಾ’ ಅಂತಾನೆ. ನಿಮ್ಮೆದುರು ಬರುವ ಹೊತ್ತಿಗೆ ಸಿಟ್ಟೆಲ್ಲ ಸೋರಿಹೋಗಿ, ಕೈಮುಗಿದು ಹೋಗುತ್ತಾನೆ.”

ಅರಸನ ಮುಖ ಕೆಂಪಾಯಿತು. “ಮತ್ತೆ ಈ ಕಪ್ಪೆ, ಮೀನು?”

“ಕಾದು ಕಾದು ಅಲ್ಲೇ ಸಂಸಾರ ಹೂಡಿದವರು. ನಿಮ್ಮ ಮೂರನೇ ಬಾಗಿಲಲ್ಲಿ ಬಸುರಿಯಾಗಿ ಬಂದು ಕೂತವಳ ಕೂಸು ಈಗ ಓಡಾಡುತ್ತಿದೆ.”

ಅರಸ ನಾಚಿದ, ಆಮೇಲೆ ತಡೆಯಲಾರದೆ ನಕ್ಕುಬಿಟ್ಟ. “ಹಳ್ಳದ ಬಾಗಿಲು ಇರಲಿ, ಅರಮನೆಯ ಬಾಗಿಲುಗಳನ್ನು ಇವತ್ತೇ ತೆಗೆಸಲು ಅಪ್ಪಣೆ ಮಾಡುತ್ತೇನೆ. ನಿನಗೆ ಒಂದು ಬುಟ್ಟಿ ಹೋಳಿಗೆ ಬಹುಮಾನ. ಮನೆಗೆ ಕಳಿಸುತ್ತೇನೆ.”

ಸಿಂಗಣ್ಣ ಮೀಸೆ ನೀವಿದ.

“ಆ ಅಪ್ಪಣೆಯೂ, ಹೋಳಿಗೆಯ ಬುಟ್ಟಿಯೂ ಏಳು ಬಾಗಿಲು ದಾಟಬೇಕಲ್ಲ, ಪ್ರಭು! ಅಷ್ಟರಲ್ಲಿ ಹೋಳಿಗೆ ಹಳಸುತ್ತದೆ. ನಾನೇ ಅಡುಗೆಮನೆಯಲ್ಲಿ ಕೂತು ತಿಂದುಬಿಡುತ್ತೇನೆ.”