ಜೇನು ಸವರಿದ ಸಾಲು

ಹೀಬ್ರೂ ಭಾಷೆಯ ಕವಿ ಅಜರ್ಯರು ನದಿಯ ದಡದಲ್ಲೊಂದು ಶಾಲೆ ತೆರೆದು ಯಹೂದಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ವಯಸ್ಸಾದಂತೆ ಕವಿತೆ ಕಡಿಮೆಯಾಯಿತು, ಮಕ್ಕಳು ಹೆಚ್ಚಾದರು.

ಶಿಷ್ಯ ಎಲ್ಖಾನ ಗುರುಗಳ ಕವಿತೆಗಳನ್ನೆಲ್ಲ ಕೂಡಿಸಿ ಪುಸ್ತಕ ಮಾಡುತ್ತಿದ್ದ. ಏಳು ವರ್ಷದ ಕೆಲಸ. ಇನ್ನೊಂದೇ ಒಂದು ಕವಿತೆ ಸಿಕ್ಕರೆ ಪುಸ್ತಕ ಮುಗಿಯುತ್ತಿತ್ತು, ಅವನು ಊರಿಗೆ ಹೊರಡಬಹುದಿತ್ತು.

"ನಾಳೆ ಬೆಳಿಗ್ಗೆ ಬರೆಯುತ್ತೇನೆ, ಬಂದು ನೋಡಿಕೋ," ಎಂದರು ಗುರುಗಳು. "ಅದೇ ನನ್ನ ಕೊನೆಯದು."

ಮರುದಿನ ದೋಣಿಯವನ ಮಗಳು, ಐದು ವರ್ಷದ ಯೆಮಿಮಾ, ಶಾಲೆಗೆ ಸೇರಿದಳು. ಮೊದಲ ದಿನ ಸ್ಲೇಟಿನ ಮೇಲೆ ಅಕ್ಷರ ಬರೆದು, ಮೇಲೆ ಜೇನು ಸವರಿ, ಮಗುವಿಗೆ ನೆಕ್ಕಲು ಕೊಡುವುದು ಅವರಲ್ಲಿ ಹಿಂದಿನಿಂದ ಬಂದ ಪದ್ಧತಿ. ಓದು ಸಿಹಿಯಾಗಲಿ ಎಂದು.

ಗುರುಗಳು ಅಂದು ಬರೆದದ್ದು ಬರೀ ಅಕ್ಷರಗಳನ್ನಲ್ಲ, ನಾಲ್ಕು ಸಾಲಿನ ಕವಿತೆಯನ್ನು. ಬರೆದು ಜೇನು ಸವರಿಯೇಬಿಟ್ಟರು. ಎಲ್ಖಾನ ಗಡಿಬಿಡಿಯಲ್ಲಿ ಲೇಖನಿ ಹುಡುಕಿ ಬರೆದುಕೊಳ್ಳತೊಡಗಿದ.

ನದಿ ದಾಟಿ ಬಂದವರ ಹೆಜ್ಜೆಯನ್ನು
ನೀರು ನೆನಪಿಟ್ಟುಕೊಳ್ಳುವುದಿಲ್ಲ.
ಆದರೂ ದಡ ಎಲ್ಲರನ್ನೂ ಕೇಳುತ್ತದೆ:

ತಲೆ ಎತ್ತಿದರೆ ನಾಲ್ಕನೆಯ ಸಾಲು ಇಲ್ಲ. ಯೆಮಿಮಾ ಕೆಳಗಿನಿಂದ ನೆಕ್ಕಲು ಶುರುಮಾಡಿದ್ದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಎಲ್ಖಾನನ ತುತ್ತು ಕಣ್ಣೆದುರೇ ಇನ್ನೊಬ್ಬರ ಬಾಯಿಗೆ ಹೋಗಿತ್ತು.

"ಗುರುಗಳೇ, ದಡ ಏನು ಕೇಳುತ್ತದೆ?"

"ತಿಂದವಳನ್ನು ಕೇಳು."

"ಅವಳಿಗೆ ಓದಲೇ ಬರುವುದಿಲ್ಲವಲ್ಲ."

"ಹಾಗಾದರೆ ಕಲಿಸು."

ಎಲ್ಖಾನನಿಗೆ ಸಿಟ್ಟು ಬಂತು. ಗಂಟುಮೂಟೆ ಕಟ್ಟಿದ, ಮತ್ತೆ ಬಿಚ್ಚಿದ. ಸಿಟ್ಟಿಗಿಂತ ಕುತೂಹಲ ದೊಡ್ಡದಿತ್ತು.

ಪಾಠ ಶುರುವಾಯಿತು. ಯೆಮಿಮಾ ತಪ್ಪಿಸಿಕೊಂಡು ದೋಣಿ ನಿಲ್ಲುವಲ್ಲಿಗೆ ಓಡುತ್ತಿದ್ದಳು. ಅಲ್ಲಿ ಅವಳ ಅಮ್ಮ ದೋಣಿ ಇಳಿದವರಿಗೆಲ್ಲ ರೊಟ್ಟಿ ಕೊಡುತ್ತಿದ್ದಳು. ಹುಡುಕಿಕೊಂಡು ಹೋದ ಮೇಷ್ಟರಿಗೂ ಒಂದು ಸಿಗುತ್ತಿತ್ತು.

ರೊಟ್ಟಿ ಅಗಿಯುತ್ತ ಎಲ್ಖಾನ ಆ ಸಾಲನ್ನೇ ಯೋಚಿಸುತ್ತಿದ್ದ. ಸಂಜೆ ಗುರುಗಳ ಮುಂದೆ ಹೋಗಿ ನಿಲ್ಲುತ್ತಿದ್ದ.

"'ನೀನು ಯಾರು?' ಎಂದು ಕೇಳುತ್ತದೆಯೇ?"

ಗುರುಗಳು ತಲೆಯಾಡಿಸುತ್ತಿದ್ದರು, ಇಲ್ಲ.

"'ಎಲ್ಲಿಗೆ ಹೊರಟೆ?' ಎಂದೇ?"

"ಪಾಠ ಎಲ್ಲಿಗೆ ಬಂತು?" ಎನ್ನುತ್ತಿದ್ದರು ಗುರುಗಳು.

ಒಂದು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಎಲ್ಖಾನ ಆ ಮೂರು ಸಾಲನ್ನು ಸ್ಲೇಟಿನ ಮೇಲೆ ಬರೆದು ಯೆಮಿಮಾಳ ಕೈಗೆ ಕೊಟ್ಟ. ಅವಳು ಬೆರಳಿಟ್ಟು, ತಡವರಿಸದೆ, ಪೂರ್ತಿ ಓದಿದಳು. ಎಲ್ಖಾನನ ಕಣ್ಣು ತುಂಬಿತು. ಯಾಕೆಂದು ಅವನಿಗೇ ಆಶ್ಚರ್ಯ.

"ನಾಲ್ಕನೆಯ ಸಾಲನ್ನು ನೀನು ತಿಂದುಬಿಟ್ಟಿದ್ದೀಯ," ಎಂದ. "ಏನಿತ್ತು, ಬರೆ ನೋಡೋಣ."

ಯೆಮಿಮಾ ಬಳಪ ಕಚ್ಚುತ್ತ ನದಿಯ ಕಡೆ ನೋಡಿದಳು. ಆಮೇಲೆ ಸೊಟ್ಟ ಅಕ್ಷರಗಳಲ್ಲಿ ಬರೆದಳು:

ಊಟ ಆಯಿತಾ?

ಎಲ್ಖಾನ ಸ್ಲೇಟು ಹಿಡಿದು ಗುರುಗಳ ಬಳಿ ಓಡಿದ.

"ಗುರುಗಳೇ, ಇದೇನಾ ಆ ಸಾಲು?"

ಅಜರ್ಯರು ಸ್ಲೇಟನ್ನು ಕಣ್ಣಿನ ಹತ್ತಿರ ತಂದು ಓದಿದರು. ಇನ್ನೊಮ್ಮೆ ಓದಿದರು.

"ಅಲ್ಲ. ಪುಸ್ತಕಕ್ಕೆ ಇದನ್ನೇ ಹಾಕು. ನನ್ನದು ಇಷ್ಟು ಚೆನ್ನಾಗಿರಲಿಲ್ಲ."