ಬಾಗಿಲು ತೆಗೆದಾಕಿ ಏನಂದ್ಳು?

ನಾಟಕ ಕಂಪನಿಯ ಮಾಲಕ ಬಸವಂತಪ್ಪ, ಕಥೆ ಬರೆಯುವ ಮುದುಕ ಮಾಸ್ತರರನ್ನು ಕೆಲಸದಿಂದ ಬಿಡಿಸಲು ಹೊರಟಿದ್ದ.

"ಜನಕ್ಕ ಹಾಡು, ಕುಣಿತ, ನಗಿ ಸಾಕು. ಕಥಿ ಯಾರಿಗೆ ಬೇಕು?" ಎಂದ.

ಆಟಕ್ಕೆ ವೇಷ ಹಾಕಿಕೊಳ್ಳುತ್ತಿದ್ದ ಅವನ ಮುಖಕ್ಕೆ ಬಣ್ಣ ಹಚ್ಚುತ್ತಿದ್ದ ಕಂಪನಿಯ ನಟಿ ಶಾಂತವ್ವನಿಗೆ ಆ ಮಾತು ಹಿಡಿಸಲಿಲ್ಲ. ಆದರೂ ವಾದಕ್ಕಿಳಿಯಲಿಲ್ಲ.

"ಖರೇ ಅದರಿ ಮಾಲಕರ," ಎನ್ನುತ್ತ ಮೆಲ್ಲಗೆ ಮಾತು ತೆಗೆದಳು. "ಹೊಸ ಮದಲಗಿತ್ತಿ ಒಬ್ಬಾಕಿ ಗಂಡನ ಮನಿ ಬಾಗಿಲು ಬಡದ್ಳು. ಒಳಗಿಂದ ಇನ್ನೊಬ್ಬಾಕಿ ಬಂದು ಬಾಗಿಲು ತೆಗದ್ಳು. ಆಕಿ ಕೊರಳಾಗೂ ಅದೇ ಗಂಡ ಕಟ್ಟಿದ ತಾಳಿ ಇತ್ತು."

ಅಷ್ಟಕ್ಕೇ ನಿಲ್ಲಿಸಿ ಅವನ ಮೀಸೆ ತಿದ್ದತೊಡಗಿದಳು.

"ಮುಂದ?" ಎಂದ ಮಾಲಕ.

"ಈಗ ಒಂದು ಹಾಡು ಹೇಳ್ತೀನ್ರಿ."

"ಹಾಡು ಹಾಳಾಗ್ಲಿ. ಬಾಗಿಲು ತೆಗದಾಕಿ ಏನಂದ್ಳು?"

"ನನಗೇನ್ ಗೊತ್ರಿ? ಅದನ್ನ ಮಾಸ್ತರೇ ಬರೀಬೇಕು."

ಬಸವಂತಪ್ಪ ಅರ್ಧ ಬಣ್ಣ ಹಚ್ಚಿದ ಮುಖದಲ್ಲೇ ಎದ್ದು ಮಾಸ್ತರರನ್ನು ಹುಡುಕಿಕೊಂಡು ಹೋದ.